ಎಡಗಡೆಯ ಚರಚರ

“ಮಂದಿ ಮನಿ ಹ್ಯಾಂಗ ಐತಿ ಅಂತ ತಿಳೀಬೇಕಂದ್ರ ಬಾಗಲದಾಗ ನಿಂತು ನೋಡಬ್ಯಾಡ್ರಿ, ಅವರ ಅಂಪ್ಲಿಫೈಯರ್ ಬಿಚ್ಚಿ ನೋಡ್ರಿ. ಮ್ಯಾಲ ಪಾಲಿಶ್ ಹೊಡದಿರತಾರ, ಕಸೂತಿ ಬಟ್ಟಿ ಹೊಚ್ಚಿರತಾರ, ಗುಂಡಿ ಬೆಳ್ಳಿ ಹಂಗ ಥಳಥಳ ಅಂತಿರತಾವ. ನಾಕು ಸ್ಕ್ರೂ ತಗದ್ರ ಸಾಕು, ಗಪ್ಪನ ವಾಸನಿ ಹೊಡಿತೈತಿ. ಜಿರಳಿ ಹಿಕ್ಕಿ, ಜಿರಳಿ ತತ್ತಿ, ಹಲ್ಲಿ ಒಣಗಿ ಹಪ್ಪಳ ಆಗಿದ್ದು, ಇಲಿ ಉಚ್ಚಿ ಹೊಯ್ದು ತಾಮ್ರ ಹಸರಾಗಿದ್ದು. ಒಂದರಾಗ ಯಾರದೋ ಹಲ್ಲಿನ ಸೆಟ್ ಸಿಕ್ಕಿತ್ತು. ಹಿಂದಿನ ಜಾಳಗಿ ಮುರದಿತ್ತು, ಹುಡುಗ್ರು ತುರುಕಿದ್ವು. ಆ ಮನಿಯವರು ಆರು ತಿಂಗಳ ಕೆಲಸದಾಕಿ ಮ್ಯಾಲ ಸಂಶೆ ಮಾಡಿದ್ರಂತ. ಯಾರರೇ ಹಲ್ಲು ಕದೀತಾರೇನ್ರಿ. ಮತ್ತ ಹಿಂದ ಒಬ್ಬ ರಿಪೇರಿ ಮಾಡಿದಾಂವ ಇರತಾನಲ್ಲ, ಅವನ ಹೊಲಸು ಬ್ಯಾರೆ. ಒಂದು ತಂತಿ ಕೂಡಸಾಕ ಬೆಲ್ಲದ ಉಂಡಿಯಷ್ಟು ಸೀಸ ಸುರದಿರತಾನ, ಅದರ ಮ್ಯಾಲ ಬಿಸಿ ಗೋಂದು ಮೆತ್ತಿರತಾನ, ಮೂಗಿನಾಗಿನ ಸುಂಬಳ ಜೋತಾಡಿದಂಗ. ಆದ್ರ ಹೊಲಸಿಗೆ ನಾ ಹೇಸೂದಿಲ್ರಿ. ಬ್ರಶ್ ಹಾಕಿ ತಿಕ್ಕಿದ್ರ ಹೋಗತೈತಿ. ಕಂಡೆನ್ಸರ್ ಒಣಗತಾವ, ಅದು ಮುಪ್ಪು, ನನಗೂ ಬಂದೈತಿ, ಅದಕ್ಕ ಯಾರಿಗಿ ಏನ ಅನ್ನೂದು. ನಾ ಹೇಸೂದು ಒಂದ ಮಾತಿಗಿ. ‘ನಾವು ಏನೂ ಮಾಡಿಲ್ಲ, ತಂತಾನ ಕೆಟ್ಟುಹೋತು’ ಅಂತಾರಲ್ಲ, ಆ ಮಾತು ಕೇಳಿದ್ರ ಹೊಟ್ಟ್ಯಾಗಿಂದ ಕಾರಿಕೊಂಡು ಬಂದಂಗ ಆಗತೈತಿ. ಮಿಶಿನ್ನಿಗೆ ಬಾಯಿ ಇಲ್ಲ ಅಂತ ತಿಳದಾರ. ಇವರಕಿಂತ ಚಲೋ ಬಾಯಿ ಐತಿ ಅದಕ್ಕ. ಕೇಳವರ ಇಲ್ಲ.”

ಇದು ಸೋಮವ್ವನ ಮಾತು. ವಯಸ್ಸು ಅರವತ್ತಾರು. ಕುರ್ಲಾ ಸ್ಟೇಷನ್ನಿನಿಂದ ಹೊರಬಿದ್ದು, ಕಾಯಿಪಲ್ಯ ಮಾರುವವರ ಗದ್ದಲ ದಾಟಿದರೆ ಸಿಗುವ ಗಲ್ಲಿಯಲ್ಲಿ ದೂಜನ ರೇಡಿಯೋ ಅಂಗಡಿ ಇದೆ. ಆ ಅಂಗಡಿಯ ಶಟರಿಗೂ ಗೋಡೆಗೂ ನಡುವೆ ಮೂರಡಿಯ ಒಂದು ಮೇಜು. ಅದರ ಹಿಂದೆ ಸ್ಟೂಲಿನ ಮೇಲೆ, ಸೆರಗನ್ನು ಸೊಂಟಕ್ಕೆ ಬಿಗಿದು, ಕನ್ನಡಕದ ಕಾಲಿಗೆ ದಾರ ಕಟ್ಟಿಕೊಂಡು ಕೂತಿರುವವಳೇ ಸೋಮವ್ವ. ಹೊಸದಾಗಿ ಬಂದ ಗಿರಾಕಿಗಳು ಅವಳನ್ನು ಅಂಗಡಿ ಗುಡಿಸುವವಳೆಂದು ತಿಳಿದು, ರಿಪೇರಿ ಮಾಡುವವರು ಎಲ್ಲಿ ಎಂದು ಹಿಂದಿಯಲ್ಲಿ ಕೇಳುವುದುಂಟು. ಅವಳು ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡು ಸ್ಕ್ರೂ ಬಿಚ್ಚತೊಡಗುತ್ತಾಳೆ.

ಇಂಡಿ ತಾಲೂಕಿನ ಹಳ್ಳಿಯಿಂದ ಗಂಡ ಶಾಂತಪ್ಪನ ಜೊತೆ ಬಂದಾಗ ಅವಳಿಗೆ ಹತ್ತೊಂಬತ್ತು ವರ್ಷ. ಒಂದು ವರ್ಷ ತಲೆಯ ಮೇಲೆ ಇಟ್ಟಿಗೆ ಹೊತ್ತಳು. ಆಮೇಲೆ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಗಾಳಾದಲ್ಲಿ, ಒಂದೇ ಕೋಣೆಯ ಸಣ್ಣ ಕಾರ್ಖಾನೆಯಲ್ಲಿ, ಅಂಪ್ಲಿಫೈಯರ್ ಜೋಡಿಸುವ ಕೆಲಸಕ್ಕೆ ಹೆಂಗಸರು ಬೇಕೆಂದು ಯಾರೋ ಹೇಳಿದರು. ಹೆಂಗಸರ ಬೆರಳು ಸಣ್ಣ, ಮಾತು ಕಮ್ಮಿ ಎಂದು ಮಾಲೀಕನ ಲೆಕ್ಕ. ಹನ್ನೆರಡು ಜನ ಹೆಂಗಸರು ಉದ್ದ ಮೇಜಿಗೆ ಸಾಲಾಗಿ ಕೂತು ಸೀಸದ ಹೊಗೆಯಲ್ಲಿ ತಂತಿ ಬೆಸೆಯುತ್ತಿದ್ದರು. ಸೋಮವ್ವ ಓದಿದ್ದು ಎರಡನೇ ಇಯತ್ತೆ. ಜೋಳದ ಕಾಳಿನಷ್ಟಿರುವ ರೆಸಿಸ್ಟರ್ ಎಂಬ ಬಿಡಿಭಾಗದ ಮೈಮೇಲೆ ಮೂರು ಬಣ್ಣದ ಗೆರೆ ಇರುತ್ತವೆ. ಆ ಗೆರೆಯೇ ಅದರ ಅಂಕಿ. ಅಂಕಿ ಅವಳ ತಲೆಗೆ ಹೋಗಲಿಲ್ಲ, ಬಣ್ಣ ಹೋಯಿತು. ಕಂದು-ಕಪ್ಪು-ಕೆಂಪು ಎಂದರೆ ಅತ್ತೆಯ ಕೈಬಳೆ, ಹಳದಿ-ನೇರಳೆ-ಕಿತ್ತಳೆ ಎಂದರೆ ಮದುವೆಯಲ್ಲಿ ನಾದಿನಿ ಉಟ್ಟ ಇಳಕಲ್ಲು ಸೀರೆ. ಹೀಗೆ ಒಂದೊಂದಕ್ಕೂ ಒಬ್ಬೊಬ್ಬ ಹೆಂಗಸನ್ನು ಹಚ್ಚಿಕೊಂಡಳು. ಹದಿನೇಳು ವರ್ಷದಲ್ಲಿ ಒಮ್ಮೆಯೂ ಒಂದು ತಪ್ಪು ಕಾಳನ್ನು ಅವಳು ಹಚ್ಚಲಿಲ್ಲ. ಆ ಗಾಳಾ ಮುಚ್ಚಿತು, ಆರೇಳು ವರ್ಷಕ್ಕೆ ಶಾಂತಪ್ಪ ತೀರಿಕೊಂಡ, ಅವಳು ಕುರ್ಲಾದ ಚಾಳಿನ ಸಾಲುಮನೆಗಳಲ್ಲಿ ಮಗಳು ಶೈಲಾಳ ಒಂದೇ ಕೋಣೆಯ ಮನೆಗೆ ಬಂದಳು. ದೂಜ ಹಿಂದೆ ಆ ಗಾಳಾಕ್ಕೆ ಸಾಮಾನು ತರುತ್ತಿದ್ದವನು. ಗುರುತು ಹಿಡಿದು ಮೇಜು ಕೊಟ್ಟ. ಆ ಮೇಜಿಗೆ ಈಗ ಇಪ್ಪತ್ತೆರಡು ವರ್ಷ.

ಆ ಮೇಜು ಹೋದರೆ ಸೋಮವ್ವನಿಗೆ ಉಳಿಯುವುದು ಚಾಳಿನ ಪಡಸಾಲೆ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂತು, ಹೋಗಿಬರುವವರ ಚಪ್ಪಲಿ ನೋಡುತ್ತ, ಅಳಿಯನ ಮೊಬೈಲಿನ ಕಿರುಚಾಟ ಕೇಳುತ್ತ ದಿನ ತಳ್ಳಬೇಕು. 

ಆ ಮೇಜಿಗೆ ಸಂಚಕಾರ ತಂದದ್ದು ವಿಕ್ರೋಳಿಯ ಒಂದು ಅಂಪ್ಲಿಫೈಯರ್.

ಸಾಗವಾನಿ ಪೆಟ್ಟಿಗೆ, ಬೆಳ್ಳಿ ಬಣ್ಣದ ಮುಖ, ಎರಡು ಪುಟ್ಟ ಕಿಟಕಿಯಲ್ಲಿ ಕುಣಿಯುವ ಎರಡು ಮುಳ್ಳು. ನಲವತ್ತು ವರ್ಷದ ಹಳೆಯ ಮಾಲು. ಅದರ ಒಡೆಯ ಸೀತಾರಾಮರು ಮೈಸೂರು ಕಡೆಯವರು, ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಮಾತು ಮೆತ್ತಗೆ, ಬಟ್ಟೆ ಇಸ್ತ್ರಿ. ಮೂರು ವರ್ಷದ ಹಿಂದೆ ದಸರೆ ಮುಗಿದ ವಾರಕ್ಕೆ ಮೊದಲ ಸಲ ತಂದರು. ಎಡಗಡೆಯ ಸ್ಪೀಕರಿನಲ್ಲಿ ಮಾತ್ರ ಚರಚರ, ಹಸಿ ಸೌದೆ ಒಲೆಯಲ್ಲಿ ಸಿಡಿದ ಹಾಗೆ. ಬಲಗಡೆ ಹಾಲಿನಷ್ಟು ಸ್ವಚ್ಛ.

ಸೋಮವ್ವ ಯಾವುದನ್ನೂ ಅವಸರದಲ್ಲಿ ಬಿಚ್ಚುವವಳಲ್ಲ. ಮೊದಲು ಅಂಪ್ಲಿಫೈಯರಿಗೆ ಕರೆಂಟು ಹೋಗುವ ದಾರಿಗೆ ಅಡ್ಡವಾಗಿ ಒಂದು ಹಳೆಯ ಬಲ್ಬ್ ಹಾಕಿ ಕರೆಂಟು ಕೊಟ್ಟಳು. ಒಳಗೆ ಏನಾದರೂ ಸುಟ್ಟು ಕೂಡಿಕೊಂಡಿದ್ದರೆ ಬಲ್ಬ್ ಭಗ್ಗೆಂದು ಉರಿಯುತ್ತದೆ, ಯಂತ್ರ ಬದುಕುತ್ತದೆ. ಬಲ್ಬ್ ಒಮ್ಮೆ ಮಿನುಗಿ ಮಂದವಾಯಿತು, ದೊಡ್ಡ ಕೇಡಿಲ್ಲ. ಹಾಡು ತರುವ ಎಡದ ತಂತಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಚುಚ್ಚಿ ನೋಡಿದಳು. ಚರಚರ ಎಡಗಡೆಯೇ ನಿಂತಿತು, ಅಂದರೆ ಹೊರಗಿನಿಂದ ಬರುತ್ತಿಲ್ಲ. ವಾಲ್ಯೂಮ್ ಪೂರಾ ಇಳಿಸಿದಳು. ಹಾಡು ಇಳಿಯಿತು, ಚರಚರ ಇಳಿಯಲಿಲ್ಲ, ಅಂದರೆ ವಾಲ್ಯೂಮಿನ ಗುಂಡಿ ದಾಟಿದ ಮೇಲೆ ಹುಟ್ಟುತ್ತಿದೆ. ಆಮೇಲೆ ಕಟ್ಟಿಗೆಯ ಬಾಚಣಿಗೆಯ ಹಿಡಿಯಿಂದ ಒಂದೊಂದೇ ಭಾಗವನ್ನು ಮೆಲ್ಲಗೆ ತಟ್ಟುತ್ತ, ಕಣ್ಣು ಮುಚ್ಚಿ ಕೇಳುತ್ತ ಹೋದಳು. ಎಡಗಡೆಯ ಮೂಲೆಯಲ್ಲಿ ಒಂದು ಟ್ರಾನ್ಸಿಸ್ಟರನ್ನು ತಟ್ಟಿದಾಗ ಚರಚರ ಹೆಚ್ಚಾಯಿತು. ಸ್ಪಿರಿಟಿನ ಹತ್ತಿ ಅದಕ್ಕೆ ಮುಟ್ಟಿಸಿದಾಗ, ತಣ್ಣಗಾಗಿ, ಎರಡು ಗಳಿಗೆ ಸುಮ್ಮನಾಯಿತು. ಅದರ ಕಾಲಿಗೆ ಹಸಿರು ಕಿಲುಬು. ಮುಂಬಯಿಯ ಮಳೆಗಾಲ ಯಾರಿಗೆ ಕಿಲುಬು ಹಿಡಿಸಿಲ್ಲ ಎಂದುಕೊಂಡು ಅದನ್ನು ತೆಗೆದು ಬೇರೆ ಹಾಕಿದಳು, ಪಕ್ಕದ ಕಂಡೆನ್ಸರನ್ನೂ ಬದಲಿಸಿದಳು.

ತಟ್ಟುವಾಗಲೇ ಆ ಮೂಲೆಯಲ್ಲಿ ಇನ್ನೊಂದು ಹೊಲಸು ಕಂಡಿತ್ತು. ಬೆಂಕಿಕಡ್ಡಿಯ ತಲೆಗಿಂತ ಸಣ್ಣ ಕರಿ ಗುಂಡುಗಳು, ಒಂದೊಂದಕ್ಕೂ ಕೂದಲಿನಂಥ ಒಣ ಕಾಲು. ಯಾವುದೋ ಹುಳ ತತ್ತಿಯೊಡೆಯುವಾಗಲೇ ಸತ್ತಿದ್ದು. ಜಿರಳೆ ಗೊತ್ತು, ಇದ್ಯಾವ ಪೀಡೆಯೋ ಎಂದು ಮೂಗಿಗೆ ಸೆರಗು ಹಿಡಿದು, ಬ್ರಶ್ಶಿನಿಂದ ಗುಡಿಸಿ ಕಸದ ಡಬ್ಬಿಗೆ ಸುರಿದಳು. ಕೈಯನ್ನು ಎರಡು ಸಲ ಸೋಪಿನಲ್ಲಿ ತೊಳೆದಳು.

ಅಂಪ್ಲಿಫೈಯರ್ ವರ್ಷವಿಡೀ ಹಾಡಿತು. ಮರುವರ್ಷ ದಸರೆ ಮುಗಿದ ವಾರಕ್ಕೆ ಮತ್ತೆ ಬಂತು. ಅದೇ ಎಡಗಡೆ, ಅದೇ ಚರಚರ, ಅದೇ ಹಸಿರು, ಅದೇ ಕಾಲಿನ ಗುಂಡುಗಳು. ಮೂರನೆಯ ವರ್ಷವೂ ಬಂದಾಗ ಸೋಮವ್ವ ಸೀತಾರಾಮರನ್ನು ಎದುರು ನಿಲ್ಲಿಸಿ ಕೇಳಿದಳು, ಮೇಲೆ ನೀರು ಗೀರು ಚೆಲ್ಲಿತ್ತೇನು, ಏನಾದರೂ ಇಡುತ್ತೀರೇನು ಎಂದು. ಹಿಂದಿನ ಎರಡು ಸಲವೂ ಕೇಳಿದ್ದಳು.

“ಛೆ ಛೆ. ಅದರ ಮೇಲೆ ಒಂದು ಪುಸ್ತಕವನ್ನೂ ಇಡೋದಿಲ್ಲಮ್ಮ,” ಎಂದರು ಅವರು. “ನಾವೇನೂ ಮಾಡಿಲ್ಲ. ತಾನಾಗಿಯೇ ಕೆಟ್ಟಿತು.”

ಇಷ್ಟು ಸಭ್ಯ ಬಾಯಿಂದಲೂ ಅದೇ ಮಾತು. ಸೋಮವ್ವ ಕೆಳಗೆ ನೋಡುತ್ತ ಸ್ಕ್ರೂ ಬಿಗಿದಳು.

ಈ ವರ್ಷ ಶ್ರಾವಣದ ಮಳೆಯಲ್ಲೇ ಚರಚರ ಶುರುವಾಯಿತು. ಅಂಪ್ಲಿಫೈಯರ್ ಬರುವ ಮೊದಲೇ ಸೀತಾರಾಮರ ಹೆಂಡತಿ ಕೌಸಲ್ಯಾ ಅಂಗಡಿಗೆ ಫೋನು ಮಾಡಿದರು. ಆ ಮುದುಕಿಯ ಕೈಗೆ ಕೊಟ್ಟರೆ ಪ್ರತಿ ವರ್ಷ ಇದೇ ಹಾಡು, ಅಂಗಡಿಯ ಹೆಸರು ಏನಾಗುತ್ತದೆ ನೋಡಿಕೊಳ್ಳಿ, ಏನೇ ಆಗಲಿ ಮಹಾಲಯ ಅಮಾವಾಸ್ಯೆಯೊಳಗೆ ಮನೆಗೆ ಬಂದಿರಬೇಕು ಎಂದರಂತೆ. ಫೋನು ಇಟ್ಟ ದೂಜ ಸೋಮವ್ವನ ಮೇಜಿಗೆ ಬಂದು ನಿಂತ. ಅವನು ಮಂಗಳೂರಿನ ಕಡೆಯ ಕ್ರೈಸ್ತ, ಬೈಯುವಾಗಲೂ ಮೆಲ್ಲನೆ ಬೈಯುವವನು.

“ಇದು ಎಂತ ಸೋಮಕ್ಕ, ಮೂರು ವರ್ಷ ಆಯ್ತು. ಎಂತ ಕೆಟ್ಟಿದೆ ಅಂತ ನಿನಗೇ ಗೊತ್ತಿಲ್ಲ ಅಂತ ನನಗೆ ಕಾಣ್ತದೆ. ಎದುರಿನ ರೋಶನ್ ಮೊಬೈಲ್ ಕವರು ಹಾಕಲಿಕ್ಕೆ ಜಾಗ ಕೇಳ್ತಾ ಇದ್ದಾನೆ. ಈ ಸಲ ಸರಿ ಮಾಡಿ ಕೊಟ್ಟ ಮೇಲೆ ಇನ್ನೊಂದು ಸಲ ಆ ಪೆಟ್ಟಿಗೆ ಈ ಅಂಗಡಿಯ ಮೆಟ್ಟಿಲು ಹತ್ತಿತು ಅಂತಾದ್ರೆ ಮೇಜು ಅವನಿಗೆ. ಬೇಜಾರು ಮಾಡ್ಬೇಡ.”

ಬೇಜಾರು ಮಾಡುವ ಹೊತ್ತಾಗಿರಲಿಲ್ಲ. ಸೋಮವ್ವ ನಾಲ್ಕು ದಿನ ಆ ಅಂಪ್ಲಿಫೈಯರನ್ನೇ ಹಿಡಿದು ಕೂತಳು. ಎಡಗಡೆಯ ಮೂಲೆಯಲ್ಲಿ ಹಳೆಯ ಕಿಲುಬು ಮಳೆಯ ತೇವಕ್ಕೆ ಹಬ್ಬಿ ತಾಮ್ರದ ಗೆರೆಯೇ ತಿಂದುಹೋಗಿತ್ತು. ಅದನ್ನು ಕೆರೆದು ತೆಗೆದು ಹೊಸ ತಂತಿ ಎಳೆದಳು. ಹಿಂದೆ ಯಾರೋ ಮೆತ್ತಿದ್ದ ಗೋಂದನ್ನು ಉಗುರಿನಿಂದ ಕಿತ್ತಳು. ಮರದ ಸಂದಿನಲ್ಲಿ ಮತ್ತೆ ಆ ಕಾಲಿನ ಗುಂಡುಗಳು ಕಂಡವು. ಎಂಥ ಮನೆಯವರೋ, ಇಷ್ಟು ಹುಳ ಸಾಕಿದ್ದಾರೆ ಎಂದು ಬ್ರಶ್ಶಿನಿಂದ ಒಂದೇ ಏಟಿಗೆ ಎತ್ತಿಹಾಕಿದಳು. ಎಲ್ಲ ಮುಗಿದು ಎರಡೂ ಕಡೆ ಒಂದೇ ಸಮ ಹಾಡಿತು. ಆದರೆ ಅವಳಿಗೆ ಸಮಾಧಾನವಿಲ್ಲ. ಕಾಯಿಲೆ ಪೆಟ್ಟಿಗೆಯ ಒಳಗಿಲ್ಲ, ಪೆಟ್ಟಿಗೆ ಕೂರುವ ಜಾಗದಲ್ಲಿದೆ ಎಂದು ಅವಳಿಗೆ ಅನ್ನಿಸಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಗಿರಾಕಿಯ ಮನೆ ಮೆಟ್ಟಿಲು ಹತ್ತದವಳು, ಅಮಾವಾಸ್ಯೆಯ ಬೆಳಿಗ್ಗೆ ತಾನೇ ತಲುಪಿಸುತ್ತೇನೆಂದು ಹೊರಟಳು. ಗೋಣಿಯಲ್ಲಿ ಸುತ್ತಿ, ಸಿಂಬಿ ಮಾಡಿ ತಲೆಯ ಮೇಲೆ ಇಟ್ಟುಕೊಂಡು ಲೋಕಲ್ ಹತ್ತಿದಳು. ಇಟ್ಟಿಗೆ ಹೊತ್ತ ತಲೆಗೆ ಅದೇನು ಭಾರ. ಲೇಡೀಸ್ ಡಬ್ಬಿಯ ಹೆಂಗಸರು ಮೀನಿನ ಬುಟ್ಟಿಯೆಂದು ತಿಳಿದು ಮೂಗು ಮುಚ್ಚಿ ಸರಿದು ಜಾಗ ಕೊಟ್ಟರು.

ಬಾಗಿಲು ತೆರೆದವರು ಕೌಸಲ್ಯಾ. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡಿದ್ದರು. “ಬಂತಾ? ಸದ್ಯ. ನೋಡಮ್ಮ, ಅಲ್ಲಿ, ಆ ಮೂರನೇದರಲ್ಲಿ ಇಡು, ಬೇಗ,” ಎಂದರು.

ಸೋಮವ್ವ ಒಳಗೆ ಬಂದು ನೋಡಿದಳು. ಹಾಲಿನ ಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಏನೋ ಕಟ್ಟಿದ್ದರು. ಕೆಳಗೆ ಹಲಗೆ, ಅದರ ಮೇಲೆ ಟ್ರಂಕು, ಪುಸ್ತಕದ ಕಟ್ಟು. ಮೂರನೆಯ ಮೆಟ್ಟಿಲಿನ ಎಡತುದಿಯಲ್ಲಿ ಮಾತ್ರ ಒಂದು ಖಾಲಿ ಜಾಗ, ಬಿದ್ದ ಹಲ್ಲಿನ ಹಾಗೆ. ಪಕ್ಕದಲ್ಲಿ ಪೇಪರು ಬಿಚ್ಚಿದ ಬೊಂಬೆಗಳು ಸಾಲಾಗಿ ಮಲಗಿದ್ದವು. ನವರಾತ್ರಿಗೆ ಮೈಸೂರು ಕಡೆಯವರು ಬೊಂಬೆ ಕೂರಿಸುತ್ತಾರೆಂದು ಕೇಳಿದ್ದಳು, ನೋಡಿರಲಿಲ್ಲ. ಅಂಪ್ಲಿಫೈಯರನ್ನು ಆ ಸಂದಿಗೆ ತಳ್ಳಿದಳು. ಎತ್ತರ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಕೂತಿತು.

ಕೌಸಲ್ಯಾ ಗೇಣು ಹಾಕಿ ನೋಡಿ, ಇದಿಲ್ಲದೆ ಮೂರನೇ ಮೆಟ್ಟಿಲೇ ಇಲ್ಲ, ಹೋದ ವಾರದಿಂದ ನನಗೆ ನಿದ್ದೆಯಿಲ್ಲ ಎಂದರು. ಅಮಾವಾಸ್ಯೆಯ ಗಡುವಿನ ಅರ್ಥ ಆಗ ತಿಳಿಯಿತು. ಇವರಿಗೆ ಹಾಡು ಬೇಕಿರಲಿಲ್ಲ, ಅದರ ಎತ್ತರ ಬೇಕಿತ್ತು. ತಾನು ಕಣ್ಣು ಮುಚ್ಚಿ ತಟ್ಟಿ ತಟ್ಟಿ ಕೇಳಿದ್ದು, ಕೂದಲಿನಷ್ಟು ತಂತಿ ಎಳೆದದ್ದು, ಎಲ್ಲವೂ ಒಂದು ಇಟ್ಟಿಗೆಗೆ. 

ಅಷ್ಟರಲ್ಲಿ ಕೌಸಲ್ಯಾ ಮೆಟ್ಟಿಲುಗಳ ಮೇಲೆ ಬಿಳಿ ಪಂಚೆ ಹಾಸಿ, ಒಳಗಿನಿಂದ ಒಂದು ಬಿದಿರಿನ ಮೊರ ತಂದರು. ಅದರಲ್ಲಿ ಮಣ್ಣು, ಮಣ್ಣಿನ ಮೇಲೆ ಗಿಳಿಹಸಿರು ಪೈರು. ಬೊಂಬೆಗಳಿಗೆ ತೋಟ ಬೇಕಲ್ಲ. ಅದನ್ನು ನೇರ ಅಂಪ್ಲಿಫೈಯರಿನ ಮೇಲೆ, ಗಾಳಿಯಾಡುವ ಸೀಳುಗಳಿರುವ ಎಡಗಡೆಗೇ ಇಟ್ಟು, ಚೊಂಬಿನ ನೀರನ್ನು ಕೈಯಲ್ಲಿ ತೆಗೆದು ಚಿಮುಕಿಸಿದರು. ಒಂದು ಸಲ, ಎರಡು ಸಲ, ಆಮೇಲೆ ಧಾರಾಳವಾಗಿ.

ಸೋಮವ್ವನ ಕಿವಿಗೆ ಬಿತ್ತು. ಪಂಚೆಯ ಕೆಳಗಿನಿಂದ, ಪೆಟ್ಟಿಗೆಯ ಹೊಟ್ಟೆಯೊಳಗಿನಿಂದ, ತಗಡಿನ ಮೇಲೆ ಹನಿ ಬಿದ್ದ ಸಪ್ಪಳ. ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್.

ಮೊರದ ಹತ್ತಿರ ಹೋಗಿ ಅಂಚಿನಲ್ಲಿ ಮೊಳೆಯದೆ ಉಳಿದಿದ್ದ ಒಂದು ಕಾಳನ್ನು ಎತ್ತಿದಳು. ಪಕ್ಕದಲ್ಲೇ ಮೊಳೆತು ಒಣಗಿದ ಇನ್ನೊಂದು. ಕರಿ ಗುಂಡು, ಕೂದಲಿನಂಥ ಕಾಲು.

“ಇದೇನ ಕಾಳ್ರೀ ಬಾಯಾರ?”

“ರಾಗಿ. ಕರ್ನಾಟಕದವಳಾಗಿ ರಾಗಿ ಗೊತ್ತಿಲ್ವೆ?”

ಸೋಮವ್ವ ಜೋಳದ ಸೀಮೆಯವಳು. ಅವಳ ಹೊಲದಲ್ಲಿ ರಾಗಿ ಬೆಳೆದಿರಲಿಲ್ಲ. ಕುರ್ಲಾದ ಅಂಗಡಿಯಲ್ಲಿ ನಾಚಣಿ ಎಂದು ಮಾರುವ ರಾಗಿಯ ಹಿಟ್ಟು ಕಂಡಿದ್ದಳು, ಕಾಳು ಮೊಳೆತು ಬೇರು ಬಿಟ್ಟು ಒಣಗಿದರೆ ಹೇಗಿರುತ್ತದೆಂದು ಅವಳಿಗೆ ಯಾರು ತೋರಿಸಿದ್ದರು. ಆದರೂ ಕಾಳು ಕಾಳೇ. ಯಂತ್ರ ನಾಲ್ಕು ಸಲ ತನ್ನ ರೋಗವನ್ನು ಅವಳ ಮುಂದೆ ಇಟ್ಟಿತ್ತು. ಹುಳವೆಂದು ಹೇಸಿ, ಒಮ್ಮೆಯೂ ಕನ್ನಡಕದ ಹತ್ತಿರ ಹಿಡಿಯದೆ ಗುಡಿಸಿ ಬಿಸಾಡಿದ್ದಳು. ಹೊಲಸಿಗೆ ನಾ ಹೇಸುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುವವಳು. ಈಗ ಬಂದ ವಾಕರಿಕೆ ಆ ಮನೆಯ ಮೇಲೋ ತನ್ನ ಮೇಲೋ, ಬಿಡಿಸಿ ನೋಡುವ ಹಾಗಿರಲಿಲ್ಲ.

ಸೀತಾರಾಮರು ಒಳಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಸೋಮವ್ವ ಮೊರವನ್ನು ಎತ್ತಿ ಕೆಳಗಿಟ್ಟು ಅವರಿಗೆ ಪಂಚೆ ಸರಿಸಿ ತೋರಿಸಿದಳು. ಸೀಳುಗಳ ಸುತ್ತ ನೀರು ಕಟ್ಟಿತ್ತು. ಹಬ್ಬ ಮುಗಿದು ಪಂಚೆ ಎಳೆಯುವಾಗ ಮೊರದಿಂದ ಉದುರಿದ ಕಾಳು ಇಳಿಯುವುದೂ ಇಲ್ಲೇ.

“ಸಾಹೇಬ್ರ, ಮೂರು ಸಲ ಕೇಳಿದ್ನಿ. ಮ್ಯಾಲ ಏನರೇ ಇಡತೀರೇನು ಅಂತ.”

ಅವರು ಕನ್ನಡಕ ತೆಗೆದು ಒರೆಸಿದರು. “ಮೆಟ್ಟಿಲು ಮಾಡ್ತೀವಿ ಅಂತ ಹೇಳೋಕೆ ನಾಚಿಕೆ ಆಯ್ತಮ್ಮ. ಒಳ್ಳೇ ಮಾಲು ಅಂತ ನೀವು ಅಷ್ಟು ಹೊಗಳ್ತಿದ್ರಿ. ನೀರಿನ ವಿಷಯ ನನಗೆ ಹೊಳೀಲೇ ಇಲ್ಲ, ಬೆಳಿಗ್ಗೆ ನಾನು ವಾಕಿಂಗ್ ಹೋಗಿರ್ತೀನಿ.”

ಕೌಸಲ್ಯಾ ಒಪ್ಪಲಿಲ್ಲ. ಮೊರ ಅತ್ತೆಯ ಕಾಲದ್ದು, ಪ್ಲಾಸ್ಟಿಕ್ಕು ಮಡಿಗೆ ಬರುವುದಿಲ್ಲ, ಪೈರು ಮೂರನೆಯ ಮೆಟ್ಟಿಲಿನ ಎಡಗಡೆಗೇ ಇರಬೇಕು, ದೇವರ ಪೈರಿಗೆ ಹಾಕಿದ ನೀರಿನಿಂದ ಏನೂ ಕೆಡುವುದಿಲ್ಲ, ಕೆಡುವುದು ಕೈ ಸರಿಯಿಲ್ಲದಿದ್ದರೆ ಎಂದರು. ಮಾತಿನ ನಡುವೆಯೇ ಒಳಗೆ ಹೋಗಿ ನೀರು ತಂದುಕೊಟ್ಟರು. ತಮಗೆ ಸ್ಟೀಲಿನ ಲೋಟ, ಸೋಮವ್ವನಿಗೆ ಕಾಗದದ ಕಪ್ಪು. ಸೋಮವ್ವ ಅದನ್ನು ಕುಡಿಯದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

ಈ ಪೆಟ್ಟಿಗೆಯನ್ನು ಹೀಗೇ ಬಿಟ್ಟರೆ ಹತ್ತು ದಿನ ನೀರು ಕುಡಿದು ಮತ್ತೆ ದೂಜನ ಮೆಟ್ಟಿಲು ಹತ್ತುವುದು ಖಂಡಿತ. ಒಂದು ದಾರಿ ಸುಲಭವಾಗಿತ್ತು. ಸೀಳುಗಳಿಗೆ ಒಳಗಿನಿಂದ ಪ್ಲಾಸ್ಟಿಕ್ ಅಂಟಿಸಿಬಿಟ್ಟರೆ ನೀರು ಇಳಿಯುವುದಿಲ್ಲ, ಯಾರಿಗೂ ಕಾಣುವುದಿಲ್ಲ, ಒಂದೆರಡು ವರ್ಷ ಎಳೆಯುತ್ತದೆ. ಆಮೇಲೆ ಕಾವು ಹೊರಹೋಗದೆ ಒಳಗೇ ಬೆಂದು ಸಾಯುತ್ತದೆ. ಹಾಗೆ ಅಂಟಿಸಿದ ಎಷ್ಟೋ ಪೆಟ್ಟಿಗೆಗಳನ್ನು ಅವಳು ಬಿಚ್ಚಿದ್ದಳು, ಅಂಟಿಸಿದವರ ಹೆಸರು ಗೊತ್ತಿಲ್ಲದೆಯೇ ಅವರ ವಂಶವನ್ನು ಬೈದಿದ್ದಳು.

ಸೊಂಟದ ಚೀಲದಿಂದ ಸ್ಕ್ರೂಡ್ರೈವರ್ ತೆಗೆದಳು. “ಬಾಯಾರ, ನಿಮಗ ಬೇಕಾಗಿದ್ದು ಕಟಗಿ ಪೆಟಗಿ. ಹಾಡೂದು ಇದರಾಗಿಂದು ಬ್ಯಾರೆ ಐತಿ,” ಎಂದು ಅಲ್ಲೇ ನೆಲದ ಮೇಲೆ ಕೂತು ನಾಲ್ಕು ಸ್ಕ್ರೂ ಬಿಚ್ಚಿದಳು. ಹಳೆಯ ಅಂಪ್ಲಿಫೈಯರಿನ ಸಾಗವಾನಿ ಕವಚ ದಿಂಬಿನ ಗವಸಿನ ಹಾಗೆ. ಒಳಗಿನ ತಗಡಿನ ಚೌಕಟ್ಟನ್ನು ಮುಖದ ಸಮೇತ ಮುಂದಕ್ಕೆ ಎಳೆದರೆ ಪೂರಾ ಕೈಗೆ ಬರುತ್ತದೆ. ಎಳೆದಳು, ಸೆರಗಿನಿಂದ ನೀರು ಒತ್ತಿದಳು. ಖಾಲಿ ಕವಚವನ್ನು ಪೇಪರಿನ ಮೇಲೆ ಮಗುಚಿ ತಟ್ಟಿದಾಗ ಸಂದುಗೊಂದಿನಲ್ಲಿ ಉಳಿದಿದ್ದ ರಾಗಿ ಸುರಿಯಿತು, ಅದರ ಜೊತೆ ಜಿರಳೆಯ ಹಿಕ್ಕೆಯೂ ಸುರಿಯಿತು. ಕೌಸಲ್ಯಾ ಎರಡು ಹೆಜ್ಜೆ ಹಿಂದೆ ಸರಿದು ಮೂಗಿಗೆ ಟವೆಲ್ ಹಿಡಿದರು. ನಿಮ್ಮ ಮನಿದ ಐತ್ರಿ, ಹೊರಗಿಂದಲ್ಲ ಎಂದಳು ಸೋಮವ್ವ.

ಖಾಲಿ ಕವಚವನ್ನು ಮೂರನೆಯ ಮೆಟ್ಟಿಲಿಗೆ ಇಟ್ಟು ಮೇಲೆ ಮೊರ ಕೂರಿಸಿದಳು. ಎತ್ತರ ಅಷ್ಟೇ. ಹತ್ತು ದಿನ ಎಷ್ಟು ಬೇಕಾದರೂ ನೀರು ಹೊಯ್ಯಲಿ. ಹಬ್ಬ ಮುಗಿದ ಮೇಲೆ ಸಾಹೇಬರು ಕವಚ ಒಣಗಿಸಿ ತಂದರೆ ಕೂಡಿಸಿ ಕೊಡುತ್ತೇನೆಂದಳು. ಕೌಸಲ್ಯಾ ಒಂದು ಸಲ ಮೆಟ್ಟಿಲು ನೋಡಿದರು, ಒಂದು ಸಲ ತಗಡು ನೋಡಿದರು. ಇಷ್ಟು ಸುಲಭ ಇತ್ತು ಅಂದಮೇಲೆ ಇದನ್ನು ಮೂರು ವರ್ಷದ ಹಿಂದೆಯೇ ಹೇಳಬೇಕಿತ್ತು ತಾನೇ ಎಂದರು.

ಸೋಮವ್ವ ಪೇಪರಿಗೆ ಬಿದ್ದ ರಾಗಿಯನ್ನು ಪೊಟ್ಟಣ ಕಟ್ಟಿಕೊಂಡು, ತಗಡನ್ನು ಗೋಣಿಯಲ್ಲಿ ಸುತ್ತಿ ಹೊತ್ತು ಹೊರಟಳು. ಕೆಳಗಿನ ತನಕ ಬಂದ ಸೀತಾರಾಮರನ್ನು ಒಂದೇ ಕೇಳಿದಳು, ದೂಜನಿಗೆ ಒಂದು ಫೋನು ಹಚ್ಚಿ ತಪ್ಪು ನಮ್ಮ ಮನೆಯದು ಅಂತ ಹೇಳುತ್ತೀರಾ, ನನ್ನ ಮೇಜು ಅದರ ಮೇಲೆ ನಿಂತಿದೆ ಎಂದು. ಅವರು ಮೇಲಿನ ಕಿಟಕಿಯ ಕಡೆ ನೋಡಿ, ಹಬ್ಬ ಮುಗೀಲಿ, ಹೇಳ್ತೀನಮ್ಮ ಎಂದರು. ಎಷ್ಟು ಮೆತ್ತಗಿನ ಮಾತು. ಕೊಳೆತ ಬಾಳೆಹಣ್ಣು ಮೆಟ್ಟಿದ ಹಾಗಾಯಿತು ಅವಳಿಗೆ.

ಕುರ್ಲಾಕ್ಕೆ ಬಂದಾಗ ರೋಶನ್ ಟೇಪು ಹಿಡಿದು ಅವಳ ಮೇಜಿನ ಅಳತೆ ತೆಗೆದುಕೊಳ್ಳುತ್ತಿದ್ದ. ಅವನ ಎರಡು ರಟ್ಟಿನ ಡಬ್ಬಿ ಆಗಲೇ ಸ್ಟೂಲಿನ ಮೇಲೆ ಕೂತಿದ್ದವು. ಅವಳು ದಾರಿಯಲ್ಲಿರುವಾಗಲೇ ದೂಜನಿಗೆ ಫೋನು ಬಂದಿತ್ತು. ಸೀತಾರಾಮರದ್ದಲ್ಲ, ಕೌಸಲ್ಯಾರದ್ದು. ನಿಮ್ಮ ಮುದುಕಿ ನಮ್ಮ ಒಳಗಿನ ಸಾಮಾನೆಲ್ಲ ಕಿತ್ತುಕೊಂಡು ಖಾಲಿ ಡಬ್ಬ ಬಿಟ್ಟುಹೋಗಿದ್ದಾಳೆ, ಏನಾದರೂ ಬದಲಾಯಿಸಿದರೆ ನೀವೇ ಹೊಣೆ ಎಂದು.

ಸೋಮವ್ವ ರೋಶನ್ನನ ಡಬ್ಬಿಗಳನ್ನು ಕೆಳಗಿಳಿಸಿ, ತಲೆಯ ಮೇಲಿದ್ದ ತಗಡನ್ನು ಮೇಜಿನ ಮೇಲೆ ಇಟ್ಟಳು. ಅದರ ಪಕ್ಕದಲ್ಲಿ ಪೇಪರಿನ ಪೊಟ್ಟಣ ಬಿಚ್ಚಿದಳು.

“ಮತ್ತ ಮೆಟ್ಟಲ ಹತ್ತೇತಿ ದೂಜಣ್ಣ. ನಾನ ಹೊತ್ತು ತಂದೀನಿ,” ಎಂದು ನಡೆದದ್ದನ್ನೆಲ್ಲ ಹೇಳಿದಳು. ಬೊಂಬೆ, ಮೊರ, ನೀರು, ಹನಿಯ ಸಪ್ಪಳ. ಅಲ್ಲಿಗೇ ನಿಲ್ಲಿಸಿದ್ದರೂ ನಡೆಯುತ್ತಿತ್ತು, ತಪ್ಪೆಲ್ಲ ವಿಕ್ರೋಳಿಯದಾಗುತ್ತಿತ್ತು. ಆದರೆ ಬಾಯಿಗೆ ಬಂದ ಆ ಹಳೆಯ ಮಾತು, ನಾನೇನೂ ಮಾಡಿಲ್ಲ ಎಂಬ ಮಾತು, ಅವಳಿಗೇ ನಾತ ಹೊಡೆಯಿತು. ಪೊಟ್ಟಣದಿಂದ ಒಂದು ಕಾಲಿನ ಗುಂಡು ಎತ್ತಿ ತೋರಿಸಿದಳು.

“ಇದು ನಾಕೂ ಸಲ ನನ್ನ ಬ್ರಶ್ಶಿಗೆ ಸಿಕ್ಕಿತ್ತು. ಹುಳಾ ಅಂತ ಹೇಸಿ ಒಗದ್ನಿ. ಮೊದಲನೇ ಸಲ ನೆಟ್ಟಗ ನೋಡಿದ್ರ ಇದು ಎರಡನೇ ಸಲ ಬರತಿದ್ದಿಲ್ಲ.”

ದೂಜ ಕಾಳನ್ನು ಅಂಗೈಯಲ್ಲಿ ಹಿಡಿದು ಹೊರಳಿಸಿ ನೋಡಿದ. ಅವನು ಅಕ್ಕಿಯ ಸೀಮೆಯವನು, ಅವನಿಗೂ ಅದು ಹುಳುವಿನ ಹಾಗೆಯೇ ಕಂಡಿತು. ತಗಡಿನ ಎಡಮೂಲೆಯ ಹೊಸ ತಂತಿಯನ್ನೂ ಬಗ್ಗಿ ನೋಡಿದ.

“ಬರೀ ತಿರುಗಿ ಬಂತು ಅಂತ ನಾನು ಹೇಳಿದ್ದಲ್ಲ ಸೋಮಕ್ಕ,” ಎಂದ ಕಡೆಗೆ. “ಯಾಕೆ ಬರ್ತದೆ ಅಂತ ನಿನಗೆ ಗೊತ್ತಾಗ್ತಾ ಇಲ್ಲ, ಅದು ನನಗೆ ಹೆದರಿಕೆ ಆದದ್ದು. ಕಿವಿ ಹೋಯ್ತಾ ಇವಳದ್ದು ಅಂತ. ಈಗ ಗೊತ್ತುಂಟಲ್ಲ. ಮುಗೀತು.” ಆಮೇಲೆ ರೋಶನ್ನನಿಗೆ ಹಿಂದಿಯಲ್ಲಿ, ಕವರುಗಳನ್ನು ಶಟರಿನ ಮೊಳೆಗೆ ನೇತುಹಾಕಿಕೋ, ಮೇಜು ಅವಳದ್ದೇ ಇರಲಿ ಎಂದ. ರೋಶನ್ ಗೊಣಗುತ್ತ ಡಬ್ಬಿ ಎತ್ತಿಕೊಂಡ. ಈ ಹೊಲಸು ತಗಡಿನ ಪಕ್ಕದಲ್ಲಿ ನನ್ನ ಮಾಲು ಯಾರು ಮುಟ್ಟುತ್ತಾರೆ ಎಂದು ಅವನ ಅಸಮಾಧಾನ.

ಸೋಮವ್ವ ತಗಡಿಗೆ ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದು ಒಣಗಿಸಿ, ಬಲ್ಬ್ ಅಡ್ಡ ಹಾಕಿ, ಕರೆಂಟು ಕೊಟ್ಟಳು. ಎಡ, ಬಲ, ಎರಡೂ ಮುಳ್ಳು ಒಟ್ಟಿಗೆ ಎದ್ದವು. ವಾಲ್ಯೂಮ್ ಇಳಿಸಿ ಸ್ಪೀಕರಿಗೆ ಕಿವಿ ಕೊಟ್ಟಳು. ಏನೂ ಇಲ್ಲ. ಖುಷಿಯಾಗಬೇಕಿತ್ತು. ಕಾಗದದ ಕಪ್ಪು, ಮೂಗಿಗೆ ಹಿಡಿದ ಟವೆಲ್ಲು, ಹಬ್ಬ ಮುಗೀಲಿ ಎಂದ ಮೆತ್ತಗಿನ ಮಾತು, ತನ್ನ ಬ್ರಶ್ಶಿನ ಆ ಒಂದೇ ಏಟು, ಎಲ್ಲ ಕೈಗೇ ಮೆತ್ತಿಕೊಂಡ ಹಾಗಿದ್ದವು. ಸ್ವಿಚ್ಚು ಆರಿಸಿ, ತಗಡಿಗೆ ಬಟ್ಟೆ ಮುಚ್ಚಿ, ಕೈಯನ್ನು ಮೂರು ಸಲ ತೊಳೆದು ಮನೆಗೆ ಹೊರಟಳು.

ಚಾಳಿನಲ್ಲಿ ಇನ್ನೂ ಬೆಳಕಿತ್ತು. ಶೈಲಾ ಡ್ಯೂಟಿಯಿಂದ ಬಂದಿರಲಿಲ್ಲ. ಸಂಜೆಯ ರೊಟ್ಟಿಗೆ ಜೋಳ ಗಿರಣಿಗೆ ಹೋಗಬೇಕಿತ್ತು. ಸೋಮವ್ವ ಡಬ್ಬಿಯಿಂದ ಜೋಳವನ್ನು ಮೊರಕ್ಕೆ ಸುರಿದುಕೊಂಡು ಬಾಗಿಲ ಹೊಸ್ತಿಲಲ್ಲಿ ಕೂತಳು. ಎರಡು ಸಲ ಕೇರಿದಳು, ಹೊಟ್ಟು ಹಾರಿತು. ಆಮೇಲೆ ಕನ್ನಡಕ ಮೂಗಿಗೆ ಏರಿಸಿ, ಕಾಳನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಈಚೆಗೆ ಸರಿಸುತ್ತ ಹೋದಳು. ಒಂದು ಕರಿ ಚೂರು ಸಿಕ್ಕಿತು. ಎಂದಿನ ಹಾಗೆ ಚಿಮ್ಮಲು ಎತ್ತಿದ ಕೈಯನ್ನು ತಡೆದು, ಬೆಳಕಿಗೆ ಹಿಡಿದು ನೋಡಿದಳು. ಕಲ್ಲು. ಹೊರಗೆ ಹಾಕಿದಳು. ಇನ್ನೊಂದು ಸಿಕ್ಕಿತು, ಅದನ್ನೂ ಹಿಡಿದು ನೋಡಿದಳು. ಇಲಿಯ ಹಿಕ್ಕೆ. ಹಾಕಿದಳು. ಹಸನಾದ ಜೋಳವನ್ನು ಗಿರಣಿಯ ಡಬ್ಬಿಗೆ ಸುರಿದು, ಇನ್ನೊಂದು ಬೊಗಸೆ ಮೊರಕ್ಕೆ ಹಾಕಿಕೊಂಡಳು.